ಸೈಟಿನ ಮಣ್ಣು ಪರೀಕ್ಷೆ: ಗುಂಡಿ ಸಾಕೇ, ಪ್ಲೇಟ್ ಲೋಡ್ ಟೆಸ್ಟೇ, ಬೋರ್‌ಹೋಲೇ?

ಮನೆಯನ್ನೋ ಅಪಾರ್ಟ್‌ಮೆಂಟನ್ನೋ ಕಟ್ಟಲು ಹೊರಟವರು ಮಣ್ಣು ಪರೀಕ್ಷೆಗೆಂದು ಮೂರು ಕಡೆ ದರ ಕೇಳಿದರೆ ಬರುವ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಬ್ಬರು ಒಂದು ಗುಂಡಿ ತೋಡಿಸಿ, ಉಕ್ಕಿನ ತಟ್ಟೆಯಿಟ್ಟು ನೆಲವನ್ನು ಒತ್ತಿ ನೋಡುವ ಪ್ಲೇಟ್ ಲೋಡ್ ಟೆಸ್ಟ್ ಮಾಡಿ, ಒಂದೆರಡು ದಿನದಲ್ಲಿ ಪ್ರಮಾಣಪತ್ರ ಕೊಡುತ್ತೇವೆ ಎನ್ನುತ್ತಾರೆ. ಇನ್ನೊಬ್ಬರು ಮಣ್ಣಿನ ಮಾದರಿ ತೆಗೆಯಲು ಕೊರೆಯುವ 10 ಮೀಟರ್ ಆಳದ ಎರಡು ಬೋರ್‌ಹೋಲ್, ಪ್ರಯೋಗಾಲಯದ ಪರೀಕ್ಷೆ ಮತ್ತು ವರದಿ ಎಂದು ಅದಕ್ಕಿಂತ ಬಹಳ ಹೆಚ್ಚಿನ ದರ ಹೇಳುತ್ತಾರೆ. ಅಷ್ಟರಲ್ಲಿ ಮೇಸ್ತ್ರಿ ಬಂದು, ‘ಪಕ್ಕದ ಸೈಟಿನಲ್ಲಿ ಐದಡಿಗೇ ಗಟ್ಟಿ ನೆಲ ಸಿಕ್ಕಿದೆ, ಇದಕ್ಕೆಲ್ಲ ಯಾಕೆ ದುಡ್ಡು ಸುರಿಯುತ್ತೀರಿ?’ ಎಂದು ಕೇಳುತ್ತಾರೆ. ಓದುಗರು ನಮ್ಮನ್ನು ಕೇಳುವುದೂ ಇದನ್ನೇ: ಇವುಗಳಲ್ಲಿ ಯಾವುದು ಸಾಕು?

ಒಂದೇ ಸಾಮಾನಿಗೆ ಮೂವರು ಮೂರು ಬೆಲೆ ಹೇಳುತ್ತಿದ್ದಾರೆ ಎಂದುಕೊಂಡರೆ ಆಯ್ಕೆ ತಪ್ಪುತ್ತದೆ. ಪ್ರತಿಯೊಂದು ಪರೀಕ್ಷೆಯೂ ನೆಲಕ್ಕೆ ಬೇರೆ ಬೇರೆ ಪ್ರಶ್ನೆ ಹಾಕುತ್ತದೆ. ನಿಮ್ಮ ಕಟ್ಟಡಕ್ಕೆ ಯಾವ ಪ್ರಶ್ನೆಗೆ ಉತ್ತರ ಬೇಕು ಎಂಬುದು ಮೊದಲು ತೀರ್ಮಾನವಾಗಬೇಕು. ದರದ ಮಾತು ಆಮೇಲಿನದು.

ಅಳೆಯಬೇಕಾದ ಸಂಗತಿಗಳು

ಮೊದಲನೆಯದು ಆಳ. ಕಟ್ಟಡದ ಭಾರ ನೆಲದೊಳಗೆ ಎಷ್ಟು ಆಳದವರೆಗೆ ಇಳಿಯುತ್ತದೋ ಅಷ್ಟು ಆಳದ ಮಣ್ಣಿನ ಗುಣ ತಿಳಿದಿರಬೇಕು. ಪಾಯದ ತಳದಿಂದ ಕೆಳಕ್ಕೆ, ಪಾಯದ ಅಗಲದ ಸುಮಾರು ಒಂದೂವರೆ ಪಟ್ಟು ಆಳದವರೆಗೆ ಭಾರದ ಪರಿಣಾಮ ಗಣನೀಯವಾಗಿರುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಸಾಮಾನ್ಯ ಲೆಕ್ಕ. 30×40 ಅಡಿಯ ಸೈಟಿನಲ್ಲಿ ನೆಲಮಹಡಿಯ ಮೇಲೆ ಎರಡು ಮಹಡಿಯ ಮನೆ ಕಟ್ಟುತ್ತೀರಿ, ಒಂದು ಕಾಲಂ ಮೇಲೆ 40 ಟನ್ ಭಾರ ಬರುತ್ತದೆ ಎಂದಿಟ್ಟುಕೊಳ್ಳೋಣ. ಪಾಯದ ಸ್ವಂತ ತೂಕವೆಂದು ನೂರಕ್ಕೆ ಹತ್ತು ಸೇರಿಸಿದರೆ 44 ಟನ್. ಮಣ್ಣಿನ ಸುರಕ್ಷಿತ ಭಾರಧಾರಣಾ ಶಕ್ತಿ, ಅಂದರೆ ಎಲ್ಲರ ಬಾಯಲ್ಲಿರುವ ಎಸ್‌ಬಿಸಿ, ಚದರ ಮೀಟರಿಗೆ 20 ಟನ್ ಇದ್ದರೆ ಒಂದೂವರೆ ಮೀಟರಿನ ಚೌಕ ಪಾಯ ಸಾಕು. ಅದು 10 ಟನ್ ಮಾತ್ರವಾದರೆ 2.1 ಮೀಟರಿನ ಚೌಕ ಬೇಕು. ಪಾಯದ ತಳ ನೆಲದಿಂದ ಒಂದೂವರೆ ಮೀಟರ್ ಕೆಳಗಿದ್ದರೆ, ನೀವು ತಿಳಿಯಬೇಕಾದ ಆಳ ಮೊದಲನೆಯ ಸಂದರ್ಭದಲ್ಲಿ 3.75 ಮೀಟರ್, ಎರಡನೆಯದರಲ್ಲಿ ಸುಮಾರು 4.65 ಮೀಟರ್ ಆಗುತ್ತದೆ. ಪಾಯಗಳು ಒತ್ತೊತ್ತಾಗಿದ್ದರೆ ಅವುಗಳ ಪ್ರಭಾವ ಒಂದರ ಮೇಲೊಂದು ಬಿದ್ದು ಆಳ ಇನ್ನಷ್ಟು ಹೆಚ್ಚುತ್ತದೆ. ಇಡೀ ಕಟ್ಟಡ 12 ಮೀಟರ್ ಅಗಲದ ಒಂದೇ ರಾಫ್ಟ್, ಅಂದರೆ ಇಡೀ ಕಟ್ಟಡದಡಿ ಹಾಸುವ ಕಾಂಕ್ರೀಟ್ ಪಾಯದ ಮೇಲೆ ಕೂರುವುದಾದರೆ ಅದೇ ಲೆಕ್ಕದಲ್ಲಿ 18 ಮೀಟರ್. ಅದಕ್ಕೆ ಮೊದಲೇ ಬಂಡೆ ಸಿಕ್ಕಿದರೆ ಅಲ್ಲಿಯವರೆಗೆ.

ಹಣದ ಲೆಕ್ಕವೂ ಈ ಉದಾಹರಣೆಯಲ್ಲೇ ಇದೆ. ಹನ್ನೆರಡು ಕಾಲಂಗಳಿಗೂ ಇಂಥದೇ ಪಾಯ ಎಂದು ಹಿಡಿದರೆ, 20 ಟನ್ನಿನ ಮಣ್ಣಿಗೆ ಸುಮಾರು 11 ಘನ ಮೀಟರ್ ಕಾಂಕ್ರೀಟ್ ಹೋಗುತ್ತದೆ, 10 ಟನ್ನಿನ ಮಣ್ಣಿಗೆ ಸುಮಾರು 24. ಪರೀಕ್ಷೆ ಮಾಡಿಸದ ಮನೆಗೆ ಎಂಜಿನಿಯರು ಎದೆಭಾರ ಬೇಡವೆಂದು ಕಡಿಮೆ ಅಂಕಿಯನ್ನೇ ಹಿಡಿಯುತ್ತಾರೆ. ಹಾಗಾದಾಗ ನೆಲ ಚೆನ್ನಾಗಿದ್ದರೂ ನೀವು ಹದಿಮೂರು ಘನ ಮೀಟರಿನಷ್ಟು ಹೆಚ್ಚುವರಿ ಕಾಂಕ್ರೀಟಿಗೆ, ಅದರ ಕಬ್ಬಿಣಕ್ಕೆ, ಅಗೆತಕ್ಕೆ ಹಣ ತೆರುತ್ತೀರಿ. ‘ಪರೀಕ್ಷೆಯ ದುಡ್ಡು ಉಳಿಯಿತು’ ಎನ್ನುವವರು ಲೆಕ್ಕದ ಈ ಬದಿಯನ್ನು ನೋಡುವುದು ಅಪರೂಪ. ನಿಮ್ಮೂರಿನ ಕಾಂಕ್ರೀಟ್ ದರವನ್ನು ಇದಕ್ಕೆ ಗುಣಿಸಿ, ಪರೀಕ್ಷೆಯವರು ಕೊಟ್ಟ ದರದ ಪಕ್ಕದಲ್ಲಿಟ್ಟು ನೋಡಿ.

ಎರಡನೆಯದು ನೆಲದ ಜಾತಿ ಮತ್ತು ಅದು ಎಷ್ಟು ಬೇಗ ಬದಲಾಗುತ್ತದೆ ಎಂಬುದು. ಕರ್ನಾಟಕದಲ್ಲಿ ಇದು ಊರಿಂದ ಊರಿಗೆ ಬೇರೆ. ಬೆಂಗಳೂರಿನ ಅಡಿಯಲ್ಲಿರುವುದು ನೈಸ್ ಮತ್ತು ಗ್ರಾನೈಟ್ ಶಿಲೆ. ಅದು ಶಿಥಿಲವಾಗಿ ಕೆಂಪುಮಣ್ಣಾಗಿದೆ, ಆ ಮಣ್ಣಿನ ನಡುವೆ ಅಲ್ಲಲ್ಲಿ ಶಿಥಿಲವಾಗದ ಗುಂಡುಬಂಡೆಗಳು ಉಳಿದಿವೆ. ವಿಜಯಪುರ, ಗದಗ, ಕಲಬುರಗಿ, ಧಾರವಾಡದ ಕಡೆ ಎರೆಮಣ್ಣು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣು ಅದು. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಮೇಲೆ ಗಟ್ಟಿಯಾದ ಮುರಕಲ್ಲು, ಅದರಡಿಯಲ್ಲಿ ಒಣಗಿದ್ದಾಗ ಗಟ್ಟಿಯಾಗಿ ಕಂಡು ನೀರು ತಾಗಿದೊಡನೆ ಸಡಿಲಾಗುವ ಶೇಡಿ ಮಣ್ಣು. ಈ ಮೂರು ಕಡೆಗೂ ಒಂದೇ ಪರೀಕ್ಷೆಯನ್ನು ಶಿಫಾರಸು ಮಾಡುವವರಿಂದ ದೂರವಿರುವುದು ಒಳ್ಳೆಯದು.

ಮೂರನೆಯದು ನೀರು: ಅಂತರ್ಜಲ ಎಷ್ಟು ಆಳದಲ್ಲಿದೆ, ಮಳೆಗಾಲದಲ್ಲಿ ಎಲ್ಲಿಯವರೆಗೆ ಏರುತ್ತದೆ. ನಾಲ್ಕನೆಯದು ವರದಿಯನ್ನು ಓದುವವರು ಯಾರು ಎಂಬುದು. ಸ್ಟ್ರಕ್ಚರಲ್ ಎಂಜಿನಿಯರು ಅದರಿಂದ ಪಾಯವನ್ನು ವಿನ್ಯಾಸ ಮಾಡಬೇಕೇ, ನಕ್ಷೆ ಮಂಜೂರಾತಿಗೋ ಬ್ಯಾಂಕಿಗೋ ಕಾಗದವೊಂದು ಬೇಕೇ, ಇಲ್ಲವೇ ಜಾಗ ಕೊಳ್ಳಬೇಕೋ ಬೇಡವೋ ಎಂದು ನೀವೇ ನಿರ್ಧರಿಸಬೇಕೇ? ಹಣ ಮತ್ತು ಸಮಯ ಕೊನೆಯವು. ಪರೀಕ್ಷೆಯ ಖರ್ಚು ಸಾಮಾನ್ಯ ಮನೆಯ ಒಟ್ಟು ವೆಚ್ಚದಲ್ಲಿ ನೂರಕ್ಕೆ ಒಂದರ ಆಸುಪಾಸಿನಲ್ಲೇ ಮುಗಿಯುವುದರಿಂದ ಅವನ್ನು ಮೊದಲಿಗೆ ಇಡುವುದು ನನಗೆ ಸರಿಯೆನಿಸುವುದಿಲ್ಲ.

ಖರ್ಚಿಲ್ಲದೆ ಆಗುವ ಕೆಲಸ

ಯಾವ ಪರೀಕ್ಷೆಯನ್ನೇ ಆರಿಸಿಕೊಳ್ಳಿ, ಅದಕ್ಕೆ ಮೊದಲು ಜಾಗದ ಇತಿಹಾಸವನ್ನು ಕೆದಕಬೇಕು. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವಲ್ಲಿ ಹಿಂದೆ ಧರ್ಮಾಂಬುಧಿ ಕೆರೆಯಿತ್ತು, ಕಂಠೀರವ ಕ್ರೀಡಾಂಗಣದ ಜಾಗ ಸಂಪಂಗಿ ಕೆರೆಯದು. ಹೆಸರಾದ ಈ ಕೆರೆಗಳ ಕಥೆ ಎಲ್ಲರಿಗೂ ಗೊತ್ತು. ಹೆಸರಿಲ್ಲದ ಕುಂಟೆ, ಕಟ್ಟೆ, ಕಾಲುವೆ, ಕಸ ತುಂಬಿ ಮುಚ್ಚಿದ ಕಲ್ಲು ಕ್ವಾರಿಗಳ ಕಥೆ ಬಡಾವಣೆಯ ನಕ್ಷೆಯಲ್ಲಿ ಸಿಗುವುದಿಲ್ಲ. ಹಳೆಯ ಗ್ರಾಮ ನಕ್ಷೆ ತೆಗೆಸಿ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರ್ ನೋಡಿ. ಗೂಗಲ್ ಅರ್ಥ್‌ನಲ್ಲಿ ಹತ್ತು-ಹದಿನೈದು ವರ್ಷ ಹಿಂದಿನ ಚಿತ್ರಗಳನ್ನು ತೆರೆದು ನೋಡಿ. ಊರಿನ ಹಿರಿಯರೊಬ್ಬರನ್ನು ‘ಇಲ್ಲಿ ಮುಂಚೆ ಏನಿತ್ತು?’ ಎಂದು ವಿಚಾರಿಸಿ. ಅಕ್ಕಪಕ್ಕದ ಬಾವಿಯಲ್ಲಿ ಮಳೆಗಾಲದ ನೀರು ಎಲ್ಲಿಗೆ ಬರುತ್ತದೆಂದು ಕೇಳಿ. ಭರ್ತಿ ಮಣ್ಣಿನ ಜಾಗವೆಂದು ಇಷ್ಟರಲ್ಲೇ ಗೊತ್ತಾದರೆ, ಮುಂದೆ ಹೇಳುವ ಅಗ್ಗದ ಆಯ್ಕೆಗಳು ಪಟ್ಟಿಯಿಂದ ತಾವಾಗಿಯೇ ಬಿದ್ದುಹೋಗುತ್ತವೆ.

ಪಕ್ಕದ ಸೈಟಿನ ವರದಿ

ಇದು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಜನಪ್ರಿಯ. ಇದನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ. ಪಕ್ಕದವರು ನಿಜವಾದ ಬೋರ್‌ಹೋಲ್ ವರದಿ ಕೊಟ್ಟರೆ, ಎಷ್ಟು ಆಳಕ್ಕೆ ಕೊರೆಸಬೇಕು, ಬಂಡೆ ಕೊರೆಯುವ ಯಂತ್ರ ಬೇಕಾದೀತೇ ಎಂದು ಯೋಜಿಸಲು ಅದು ಬಹಳ ಉಪಯೋಗ. ಆದರೆ ಅದರ ಎಸ್‌ಬಿಸಿ ಅಂಕಿಯನ್ನು ಎತ್ತಿಕೊಂಡು ನಿಮ್ಮ ಪಾಯಕ್ಕೆ ಹಾಕುವುದು ಬೇರೆಯೇ ವಿಷಯ. ಬೆಂಗಳೂರಿನ ನೆಲದಲ್ಲಿ ಒಂದು ಮೂಲೆಯಲ್ಲಿ 3 ಮೀಟರಿಗೆ ಸಿಕ್ಕ ಬಂಡೆ ಹತ್ತು ಮೀಟರ್ ಆಚೆಗೆ 9 ಮೀಟರ್ ಆಳದಲ್ಲಿರಬಹುದು. ಜೊತೆಗೆ ಎಸ್‌ಬಿಸಿ ಎನ್ನುವುದು ಮಣ್ಣೊಂದರದೇ ಗುಣವಲ್ಲ. ಪಾಯದ ಅಗಲ, ಆಳ, ಅದು ಎಷ್ಟು ಮಿಲಿಮೀಟರ್ ಕುಸಿದರೆ ಸೈರಿಸಬಹುದು ಎಂಬ ಮಿತಿ, ಇವೆಲ್ಲ ಸೇರಿ ಆ ಅಂಕಿ ಹುಟ್ಟುತ್ತದೆ. ಪಕ್ಕದವರದು ಎರಡಂತಸ್ತು, ನಿಮ್ಮದು ನಾಲ್ಕಂತಸ್ತು ಎಂದಾದರೆ ಮಣ್ಣು ಒಂದೇ ಇದ್ದರೂ ಅಂಕಿ ಒಂದೇ ಆಗಿರಬೇಕಿಲ್ಲ.

ಪರೀಕ್ಷಾ ಗುಂಡಿ

ಜೆಸಿಬಿಯಿಂದಲೋ ಆಳುಗಳಿಂದಲೋ ಎರಡು-ಮೂರು ಮೀಟರ್ ಗುಂಡಿ ತೋಡಿಸಿ, ಪದರಗಳನ್ನು ಕಣ್ಣಾರೆ ಕಂಡು, ಮಣ್ಣಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುವ ವಿಧಾನ ಇದು. ಸಣ್ಣ ಮತ್ತು ಅಷ್ಟೇನೂ ಮಹತ್ವವಿಲ್ಲದ ಕಟ್ಟಡಕ್ಕೆ ನಡುವೆ ಒಂದು ಗುಂಡಿಯೋ ಬೋರ್‌ಹೋಲೋ ಸಾಕಾಗುತ್ತದೆಂದು ಭಾರತೀಯ ಮಾನಕ ಐಎಸ್ 1892ರ 1979ರ ಆವೃತ್ತಿಯೇ ಹೇಳಿತ್ತು. ಒಂದಂತಸ್ತಿನ ಮನೆ, ಕಾಂಪೌಂಡು, ದನದ ಕೊಟ್ಟಿಗೆ, ಗೋದಾಮಿನ ಹಗುರ ಶೆಡ್ಡು, ಇವಕ್ಕೆ ಇದು ನಿಜಕ್ಕೂ ಸಾಕು. ಗುಂಡಿಯ ಒಂದು ಗುಣ ಬೋರ್‌ಹೋಲಿಗೂ ಇಲ್ಲ: ಭರ್ತಿ ಮಣ್ಣು ಎಲ್ಲಿ ಮುಗಿಯಿತು, ಮೂಲ ನೆಲ ಎಲ್ಲಿ ಶುರುವಾಯಿತು ಎಂಬ ಗೆರೆ ಗುಂಡಿಯ ಗೋಡೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಗುಂಡಿ ಇನ್ನೂ ಹೆಚ್ಚು ಕೆಲಸಕ್ಕೆ ಬರುತ್ತದೆ. ಒಂದೂವರೆ-ಎರಡು ಮೀಟರಿಗೆ ಗರಸು (ಜಲ್ಲಿಯಂಥ ಗಟ್ಟಿ ಮಣ್ಣು) ಸಿಕ್ಕಿ, ಮಹಡಿ ಕಡಿಮೆಯಿದ್ದರೆ, ಎರೆಯನ್ನು ದಾಟಿ ಗರಸಿನ ಮೇಲೆ ಪಾಯ ಕೂರಿಸುವುದೇ ಸರಳ ದಾರಿ. ಗರಸು ಸಿಗದಿದ್ದರೆ ಆ ಎರೆ ಎಷ್ಟು ಉಬ್ಬುತ್ತದೆಂದು ತಿಳಿಯಲೇಬೇಕು. ಅದರ ಪ್ರಾಥಮಿಕ ಪರೀಕ್ಷೆ ಬಹಳ ಸರಳ ಮತ್ತು ಅಗ್ಗ: ಒಣಗಿಸಿ ಜರಡಿ ಹಿಡಿದ ಮಣ್ಣನ್ನು ಹತ್ತತ್ತು ಗ್ರಾಂ ತೂಗಿ, ಅಳತೆಯ ಎರಡು ಗಾಜಿನ ಜಾಡಿಗಳಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ ಒಂದು ದಿನ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅಲ್ಲಿ 10 ಮಿಲಿಲೀಟರಿಗೆ ನಿಂತ ಮಣ್ಣು ನೀರಿನ ಜಾಡಿಯಲ್ಲಿ 18ಕ್ಕೆ ಏರಿದ್ದರೆ ಅದರ ಉಬ್ಬುವಿಕೆಯ ಸೂಚ್ಯಂಕ ನೂರಕ್ಕೆ 80. ಇಂಥ ಮಣ್ಣಿಗೆ ಮಾಮೂಲಿ ಪಾಯ ತಕ್ಕುದಲ್ಲ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಢಿಗೆ ತಂದ, ತುದಿಯಲ್ಲಿ ಗಡ್ಡೆಯಂತೆ ಅಗಲವಾಗುವ ಅಂಡರ್-ರೀಮ್ಡ್ ಪೈಲುಗಳನ್ನು ಹಾಕಿ, ಋತುಮಾನದ ತೇವ ಬದಲಾಗದ ಸುಮಾರು ಮೂರೂವರೆ ಮೀಟರ್ ಆಳಕ್ಕೆ ಕಟ್ಟಡವನ್ನು ಊರುವುದು ಇಂಥ ಕಡೆ ಪರಿಚಿತ ಉಪಾಯ.

ಗುಂಡಿಯ ಮಿತಿಯೂ ಅಷ್ಟೇ ಸ್ಪಷ್ಟ. ಮೂರು ಮೀಟರಿನ ಕೆಳಗೆ ಅದು ಕುರುಡು, ನೀರು ಬಂದರೆ ಅಲ್ಲಿಗೆ ಕೆಲಸ ನಿಲ್ಲುತ್ತದೆ, ಅಷ್ಟು ಆಳದ ಗುಂಡಿಯ ಬದಿಗೆ ಆಸರೆ ಕೊಡದೆ ಆಳುಗಳನ್ನು ಇಳಿಸುವುದು ಅಪಾಯ. ಪಾಯ ಬರುವ ಜಾಗದಲ್ಲೇ ತೋಡಿ ಹಾಗೆಯೇ ಸಡಿಲ ಮಣ್ಣು ಮುಚ್ಚಿಬಿಟ್ಟರೆ ನೀವೇ ಒಂದು ಮೆದು ಜಾಗವನ್ನು ಸೃಷ್ಟಿಸಿದಂತೆ.

ಪ್ಲೇಟ್ ಲೋಡ್ ಟೆಸ್ಟ್

ಓದುಗರಿಗೆ ಹೆಚ್ಚು ಗೊಂದಲ ಹುಟ್ಟಿಸುವ ಪರೀಕ್ಷೆ ಇದಾದ್ದರಿಂದ ಸ್ವಲ್ಪ ನಿಧಾನಿಸಿ ನೋಡೋಣ. ಪಾಯದ ಮಟ್ಟಕ್ಕೆ ಗುಂಡಿ ತೋಡಿ, ತಳದಲ್ಲಿ 30ರಿಂದ 75 ಸೆಂಟಿಮೀಟರ್ ಅಳತೆಯ ದಪ್ಪ ಉಕ್ಕಿನ ತಟ್ಟೆಯನ್ನಿಟ್ಟು, ಮರಳುಚೀಲ ಹೇರಿದ ಅಟ್ಟಣೆಯ ಕೆಳಗಿನಿಂದ ಜಾಕ್ ಹಾಕಿ ಹಂತಹಂತವಾಗಿ ಒತ್ತುತ್ತಾರೆ. ತಟ್ಟೆ ಎಷ್ಟು ಕುಸಿಯಿತೆಂದು ಡಯಲ್ ಗೇಜುಗಳು ತೋರಿಸುತ್ತವೆ. ನೆಲವನ್ನು ನಿಜವಾಗಿ ಒತ್ತಿ ನೋಡುವುದರಿಂದ ಮಾಲೀಕರಿಗೆ ಇದರ ಮೇಲೆ ಬಲವಾದ ನಂಬಿಕೆ. ಆ ನಂಬಿಕೆಗೆ ಕಾರಣವೂ ಇದೆ: ಜಲ್ಲಿಯಂಥ ಗರಸು, ಶಿಥಿಲ ಬಂಡೆ, ಮುರಕಲ್ಲು ಮುಂತಾದ, ಮಣ್ಣಿನ ಮೂಲ ರಚನೆ ಕೆಡದಂತೆ ಮಾದರಿ ತೆಗೆಯಲು ಆಗದ ನೆಲದಲ್ಲಿ ಇದು ಒಳ್ಳೆಯ ಮಾಹಿತಿ ಕೊಡುತ್ತದೆ.

ತೊಂದರೆ ಆಳದ್ದು. ಪಾಯಕ್ಕೆ ಅನ್ವಯಿಸುವ ಒಂದೂವರೆ ಪಟ್ಟಿನ ಲೆಕ್ಕ ತಟ್ಟೆಗೂ ಅನ್ವಯಿಸುತ್ತದೆ. 30 ಸೆಂಟಿಮೀಟರಿನ ತಟ್ಟೆ ತನ್ನ ಕೆಳಗಿನ ಅರ್ಧ ಮೀಟರ್ ಮಣ್ಣಿನ ಸುದ್ದಿ ಹೇಳುತ್ತದೆ, ಅಷ್ಟೇ. 2 ಮೀಟರ್ ಅಗಲದ ನಿಮ್ಮ ಪಾಯ 3 ಮೀಟರ್ ಆಳದವರೆಗೆ ಒತ್ತುತ್ತದೆ. ತಟ್ಟೆಯಿಂದ ಒಂದು ಮೀಟರ್ ಕೆಳಗೆ ಮೆದು ಜೇಡಿಯ ಪದರವಿದ್ದರೆ ತಟ್ಟೆಗೆ ಅದರ ಗಂಧವೂ ತಾಗದು. ಕಟ್ಟಡಕ್ಕೆ ಮಾತ್ರ ಚೆನ್ನಾಗಿ ತಾಗುತ್ತದೆ. ಮಂಗಳೂರಿನ ಕಡೆ ಮುರಕಲ್ಲಿನ ಮೇಲೆ ತಟ್ಟೆಯಿಟ್ಟು ದೊಡ್ಡ ಅಂಕಿ ಪಡೆದು, ಎರಡು ಮೀಟರ್ ಕೆಳಗಿರುವ ಶೇಡಿಯನ್ನು ಮರೆಯುವುದು ಹೀಗೆಯೇ.

ಕೆಳಗಿನ ಮಣ್ಣೆಲ್ಲ ಒಂದೇ ಬಗೆಯದೆಂದು ಖಚಿತವಿದ್ದಾಗಲೂ ತಟ್ಟೆಯ ಕುಸಿತವೇ ಪಾಯದ ಕುಸಿತವಲ್ಲ. ಒಂದೇ ಒತ್ತಡದಲ್ಲಿ 30 ಸೆಂಟಿಮೀಟರ್ ತಟ್ಟೆಗೆ ಹೋಲಿಸಿದರೆ 2 ಮೀಟರ್ ಪಾಯ ಮರಳು ನೆಲದಲ್ಲಿ ಸುಮಾರು 3 ಪಟ್ಟು, ಜೇಡಿ ನೆಲದಲ್ಲಿ ಸುಮಾರು 6.7 ಪಟ್ಟು ಕುಸಿಯುತ್ತದೆ ಎಂದು ರೂಢಿಯ ಸೂತ್ರಗಳು ತೋರಿಸುತ್ತವೆ. ಈ ಪರಿವರ್ತನೆಯನ್ನು ಮಾಡದೆ ಕೊಟ್ಟ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ. ಅದೂ ಅಲ್ಲದೆ ಜೇಡಿಮಣ್ಣು ವರ್ಷಗಟ್ಟಲೆ ನಿಧಾನವಾಗಿ ಕುಸಿಯುತ್ತದೆ. ದಿನವೊಪ್ಪತ್ತಿನ ಪರೀಕ್ಷೆಗೆ ಅದು ಕಾಣುವುದಿಲ್ಲ. ಏಪ್ರಿಲ್‌ನಲ್ಲಿ ಕಲ್ಲಿನಂತೆ ಒಣಗಿದ ಎರೆಮಣ್ಣಿನ ಮೇಲೆ ತಟ್ಟೆ ಪರೀಕ್ಷೆ ಮಾಡಿಸುವುದಂತೂ ಹಣ ಕೊಟ್ಟು ಸುಳ್ಳು ಹೇಳಿಸಿದ ಹಾಗೆ. ನನ್ನ ಅಭಿಪ್ರಾಯದಲ್ಲಿ ಪ್ಲೇಟ್ ಲೋಡ್ ಟೆಸ್ಟ್ ಬೋರ್‌ಹೋಲಿನ ಜೊತೆಗೆ ಬರಬೇಕಾದದ್ದು, ಅದರ ಬದಲಿಗೆ ಬರಬೇಕಾದದ್ದಲ್ಲ.

ಬೋರ್‌ಹೋಲ್ ಮತ್ತು ಎಸ್‌ಪಿಟಿ

ಎರಡಂತಸ್ತಿಗಿಂತ ಹೆಚ್ಚಿನ ಯಾವುದೇ ಕಟ್ಟಡಕ್ಕೆ ಮೂಲ ಪರೀಕ್ಷೆ ಇದು. ಮುಕ್ಕಾಲಿ ನಿಲ್ಲಿಸಿ ಸಾಮಾನ್ಯವಾಗಿ 10ರಿಂದ 15 ಸೆಂಟಿಮೀಟರ್ ವ್ಯಾಸದ ರಂಧ್ರ ಕೊರೆಯುತ್ತ, ಪ್ರತಿ ಒಂದೂವರೆ ಮೀಟರಿಗೊಮ್ಮೆಯೋ ಪದರ ಬದಲಾದಲ್ಲೆಲ್ಲ ಒಮ್ಮೆಯೋ ನಿಂತು, ರಾಡಿನ ತುದಿಯ ಕೊಳವೆಯನ್ನು ಸುತ್ತಿಗೆಯಿಂದ ಬಡಿದಿಳಿಸಿ ನೆಲದ ಗಟ್ಟಿತನ ಅಳೆಯುವ ಸ್ಟ್ಯಾಂಡರ್ಡ್ ಪೆನೆಟ್ರೇಷನ್ ಟೆಸ್ಟ್, ಅಂದರೆ ಎಸ್‌ಪಿಟಿ ಮಾಡುತ್ತಾರೆ. ಆ ಹೊತ್ತಿನಲ್ಲಿ ನೀವು ಸೈಟಿನಲ್ಲಿ ನಿಂತಿರುವುದು ಒಳ್ಳೆಯದು. ರಾಡಿನ ಮೇಲೆ ಹದಿನೈದು ಹದಿನೈದು ಸೆಂಟಿಮೀಟರಿಗೆ ಮೂರು ಸೀಮೆಸುಣ್ಣದ ಗೆರೆ ಎಳೆಯುತ್ತಾರೆ. 63.5 ಕೆ.ಜಿ.ಯ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬಿಟ್ಟು, ಪ್ರತಿ ಗೆರೆ ನೆಲಕ್ಕಿಳಿಯಲು ಎಷ್ಟು ಪೆಟ್ಟು ಬೇಕಾಯಿತೆಂದು ಒಬ್ಬರು ಎಣಿಸಿ ಬರೆಯುತ್ತಾರೆ. 6, 8, 9 ಎಂದು ಬಂದರೆ ಮೊದಲ ಹದಿನೈದನ್ನು ಬಿಟ್ಟು ಉಳಿದೆರಡನ್ನು ಕೂಡಿಸುತ್ತಾರೆ: ಎನ್ ಮೌಲ್ಯ 17. ಆಮೇಲೆ ಕೊಳವೆಯನ್ನು ಮೇಲೆತ್ತಿ ಉದ್ದಕ್ಕೆ ಎರಡಾಗಿ ಬಿಚ್ಚಿದರೆ, ಆ ಆಳದ ಮಣ್ಣು ಕೋಲಿನಾಕಾರದಲ್ಲಿ ಒಳಗೆ ಮಲಗಿರುತ್ತದೆ. ಅದನ್ನು ಚೀಲಕ್ಕೆ ಹಾಕಿ ಬೋರ್‌ಹೋಲ್ ಸಂಖ್ಯೆ, ಆಳ, ದಿನಾಂಕದ ಚೀಟಿ ಅಂಟಿಸುತ್ತಾರೆ. ಮೋಸ ನಡೆಯುವುದೂ ಇಲ್ಲೇ: ಸುತ್ತಿಗೆಯನ್ನು ಅರ್ಧ ಎತ್ತರಕ್ಕಷ್ಟೇ ಎತ್ತಿದರೆ ಪೆಟ್ಟಿನ ಸಂಖ್ಯೆ ಏರುತ್ತದೆ, ಮೆದು ನೆಲ ಕಾಗದದ ಮೇಲೆ ಗಟ್ಟಿಯಾಗುತ್ತದೆ.

ಬಂಡೆ ಸಿಕ್ಕಿತೆಂದು ಕೊರೆತ ನಿಲ್ಲಿಸುವಾಗ ಎಚ್ಚರ ಬೇಕು. ಬೆಂಗಳೂರಿನಂಥ ಕಡೆ ಅದು ಗುಂಡುಬಂಡೆಯೂ ಇರಬಹುದು. ವಜ್ರದ ಬಿಟ್ ಹಾಕಿ ಕನಿಷ್ಠ 3 ಮೀಟರ್ ಬಂಡೆಯೊಳಗೆ ಕೊರೆದು, ಹೊರಬಂದ ಕಲ್ಲಿನ ಕೋಲುಗಳನ್ನು ಮರದ ಪೆಟ್ಟಿಗೆಯಲ್ಲಿ ಆಳದ ಕ್ರಮಕ್ಕೆ ಜೋಡಿಸಿ ತೋರಿಸಬೇಕು. ಅವುಗಳಲ್ಲಿ 10 ಸೆಂಟಿಮೀಟರ್ ಅಥವಾ ಅದಕ್ಕಿಂತ ಉದ್ದದ ತುಂಡುಗಳ ಒಟ್ಟು ಉದ್ದ ಕೊರೆದ ಉದ್ದದಲ್ಲಿ ನೂರಕ್ಕೆ ಎಷ್ಟು ಎಂಬುದೇ ಆರ್‌ಕ್ಯೂಡಿ. ಬಂಡೆ ಅಖಂಡವೋ ಬಿರುಕಿನದೋ ಎಂದು ಅದರಿಂದ ಅಂದಾಜಾಗುತ್ತದೆ. ಕಲ್ಲು ಕೊರೆಯುವ ದರ ಮಣ್ಣು ಕೊರೆಯುವುದಕ್ಕಿಂತ ಬಹಳ ಹೆಚ್ಚು. ದರಪಟ್ಟಿಯಲ್ಲಿ ಅದನ್ನು ಬೇರೆ ಸಾಲಾಗಿ ಬರೆಸಿಕೊಳ್ಳದಿದ್ದರೆ ಕೊನೆಗೆ ಜಗಳವಾಗುವುದು ಆ ಸಾಲಿಗೇ.

ಎಷ್ಟು ಬೋರ್‌ಹೋಲ್? ಸುಮಾರು 0.4 ಹೆಕ್ಟೇರ್, ಅಂದರೆ ಒಂದು ಎಕರೆಯ ಒತ್ತಾದ ಕಟ್ಟಡ ಜಾಗಕ್ಕೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಎಂಬುದು 1979ರ ಮಾನಕದ ಮಾರ್ಗಸೂಚಿ. ಆ ಮಾನಕ 2021ರಲ್ಲಿ ಪರಿಷ್ಕೃತವಾಗಿದೆ. ನಿಮ್ಮ ವರದಿ ಹೊಸದನ್ನು ಉಲ್ಲೇಖಿಸಬೇಕು. 30×40ರ ಮನೆಗೆ ಒಂದು ಬೋರ್‌ಹೋಲ್ ಸಾಕೆನ್ನುವವರಿದ್ದಾರೆ. ನಾನು ಕರ್ಣದ ಎರಡು ತುದಿಗಳಲ್ಲಿ ಎರಡು ಎನ್ನುತ್ತೇನೆ. ಒಂದೇ ರಂಧ್ರ ನೆಲದ ಗುಣ ಹೇಳಬಹುದು, ಆದರೆ ನೆಲ ಒಂದು ಬದಿಗೆ ವಾಲಿಕೊಂಡಿದೆಯೇ ಎಂದು ಹೇಳಲಾರದು. ಕಟ್ಟಡ ಒಟ್ಟಿಗೆ ಸಮವಾಗಿ ಸ್ವಲ್ಪ ಕುಸಿದರೆ ಅಷ್ಟು ಹಾನಿಯಿಲ್ಲ; ಒಂದು ಬದಿ ಹೆಚ್ಚು ಕುಸಿದಾಗಲೇ ಗೋಡೆ ಬಿರುಕು ಬಿಡುವುದು. ಯಂತ್ರ, ಆಳುಗಳನ್ನು ಸೈಟಿಗೆ ತರುವ ಖರ್ಚು ಹೇಗೂ ಒಂದೇ ಸಲ ಬೀಳುವುದರಿಂದ ಎರಡನೆಯ ರಂಧ್ರಕ್ಕೆ ಮೊದಲನೆಯದರಷ್ಟು ಹಣ ಬೇಕಾಗುವುದಿಲ್ಲ.

ಕೋನ್ ಪರೀಕ್ಷೆ, ಭೂಭೌತ ಸಮೀಕ್ಷೆ

ಡೈನಾಮಿಕ್ ಕೋನ್ ಪರೀಕ್ಷೆಯಲ್ಲಿ ಶಂಕುವಿನಾಕಾರದ ತುದಿಯನ್ನು ಸುತ್ತಿಗೆಯಿಂದ ಬಡಿದು ಇಳಿಸುತ್ತಾರೆ. ಬೇಗ ಆಗುತ್ತದೆ, ಅಗ್ಗ, ಆದರೆ ಮಣ್ಣಿನ ಮಾದರಿ ಕೈಗೆ ಬರುವುದಿಲ್ಲ. ಬೋರ್‌ಹೋಲ್‌ಗಳ ನಡುವಿನ ಜಾಗದಲ್ಲಿ ಮೆದು ಪದರ ಎಲ್ಲಿಂದ ಎಲ್ಲಿಗೆ ಹರಡಿದೆ ಎಂದು ಹುಡುಕಲು ತಕ್ಕುದು. ವಿದ್ಯುತ್ ರೋಧ ಸಮೀಕ್ಷೆ, ನೆಲದಲ್ಲಿ ಸಾಲಾಗಿ ಜಿಯೋಫೋನ್ ಊರಿ ಸುತ್ತಿಗೆಯ ಪೆಟ್ಟಿನ ಕಂಪನವನ್ನು ಅಳೆಯುವ ಎಂಎಎಸ್‌ಡಬ್ಲ್ಯು, ಇವೂ ಅದೇ ಸಾಲಿನವು. ಬೆಂಗಳೂರಿನ ಭೂಕಂಪ ಸೂಕ್ಷ್ಮವಲಯ ಅಧ್ಯಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಈ ಎರಡನೆಯ ವಿಧಾನವನ್ನು ಬಳಸಿದ್ದಾರೆ. ಎಕರೆಗಟ್ಟಲೆ ಬಡಾವಣೆಗೆ, ಬಂಡೆಯ ಮಟ್ಟ ಎಲ್ಲಿ ಏರಿಳಿಯುತ್ತದೆಂದು ತಿಳಿಯಲು ಹಣಕ್ಕೆ ಮೋಸವಿಲ್ಲ. ಒಂಟಿ ಮನೆಗೆ ಬೇಡ.

ಯಾರಿಗೆ ಯಾವುದು

ಗಟ್ಟಿ ಕೆಂಪುಮಣ್ಣಿನ, ಭರ್ತಿಯಿಲ್ಲದ ಜಾಗದಲ್ಲಿ ಒಂದಂತಸ್ತಿನ ಮನೆ ಕಟ್ಟುವವರಿಗೆ, ಕೈ ಬಿಗಿಯಾಗಿದ್ದರೆ, ಎರಡು ಗುಂಡಿ ಮತ್ತು ಪ್ರಯೋಗಾಲಯದ ಪರೀಕ್ಷೆ ಸಾಕು. ಮುಂದೆಂದಾದರೂ ಮೇಲೆ ಮಹಡಿ ಏರಿಸುವ ಆಸೆ ಇದ್ದರೆ ಈಗಲೇ ಬೋರ್‌ಹೋಲ್ ಮಾಡಿಸಿ, ಏಕೆಂದರೆ ಆಮೇಲೆ ಪಾಯವನ್ನು ಅಗಲ ಮಾಡುವ ಕೆಲಸ ಪರೀಕ್ಷೆಯ ಖರ್ಚಿನ ಹತ್ತಾರು ಪಟ್ಟು ನುಂಗುತ್ತದೆ. ಎರಡು-ಮೂರು ಮಹಡಿಗೆ 6ರಿಂದ 10 ಮೀಟರಿನ ಎರಡು ಬೋರ್‌ಹೋಲ್ ಇರಲಿ. ಕೆರೆಯಂಗಳ, ಕಾಲುವೆ ಬದಿ, ಭರ್ತಿ ಜಾಗವಾದರೆ ಮಹಡಿ ಎಷ್ಟೇ ಇರಲಿ ಬೋರ್‌ಹೋಲ್ ಬಿಟ್ಟರೆ ಗತಿಯಿಲ್ಲ. ಅದೂ ಭರ್ತಿಯನ್ನು ದಾಟಿ ಮೂಲ ನೆಲದೊಳಕ್ಕೆ ಇಳಿಯಬೇಕು.

ನೆಲಮಾಳಿಗೆ ಇರುವ ಅಪಾರ್ಟ್‌ಮೆಂಟಿನ ವಿಚಾರ ಬೇರೆ. ಎರಡು ಬೇಸ್‌ಮೆಂಟಿಗೆ ಆರೇಳು ಮೀಟರ್ ಅಗೆಯುವಾಗ 10 ಮೀಟರಿನ ಬೋರ್‌ಹೋಲ್ ಪಾಯದ ಕೆಳಗೆ ಬರೀ ಮೂರು ಮೀಟರ್ ನೋಡಿದಂತೆ. ಮೊದಲು ಬೇಸ್‌ಮೆಂಟ್ ಇಲ್ಲವೆಂದು ಪರೀಕ್ಷೆ ಮುಗಿಸಿ, ಪಾರ್ಕಿಂಗ್ ಸಾಲದೆಂದು ನಕ್ಷೆ ಬದಲಿಸುವುದು ನಮ್ಮಲ್ಲಿ ಮಾಮೂಲು. ನಕ್ಷೆಯೊಂದಿಗೆ ವರದಿಯೂ ಹಳತಾಗುತ್ತದೆ ಎಂಬುದು ಮಾತ್ರ ನೆನಪಾಗುವುದಿಲ್ಲ. ಇಲ್ಲಿ ಎಸ್‌ಬಿಸಿಗಿಂತ ಮುಖ್ಯ ಪ್ರಶ್ನೆಗಳು ಎರಡು: ಅಗೆಯುವಾಗ ಪಕ್ಕದ ಕಟ್ಟಡದ ಬದಿಯ ಮಣ್ಣನ್ನು ಹೇಗೆ ತಡೆದು ನಿಲ್ಲಿಸುವುದು, ಮತ್ತು ನೀರು ಎಷ್ಟು ಬಲವಾಗಿ ಮೇಲಕ್ಕೆ ಒತ್ತುತ್ತದೆ. ಮಳೆಗಾಲದ ನೀರಿನ ಮಟ್ಟ ಬೇಸ್‌ಮೆಂಟ್ ನೆಲದಿಂದ 3 ಮೀಟರ್ ಮೇಲೆ ಬಂದರೆ ಪ್ರತಿ ಚದರ ಮೀಟರನ್ನು 3 ಟನ್ ಬಲ ಮೇಲಕ್ಕೆ ಎತ್ತುತ್ತದೆ. 30 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಹಾಸಿನ ತೂಕ ಮುಕ್ಕಾಲು ಟನ್ ಮಾತ್ರ. ಆದ್ದರಿಂದ ಕೊರೆದ ದಿನದ ನೀರಿನ ಮಟ್ಟ ಸಾಲದು. ಒಂದು ರಂಧ್ರಕ್ಕೆ ತೂತುಕೊಳವೆ ಇಳಿಸಿ ಮುಚ್ಚಳ ಹಾಕಿಟ್ಟು, ಒಂದು ಮಳೆಗಾಲ ನೋಡುವಷ್ಟು ವ್ಯವಧಾನವಿದ್ದರೆ ಬಹಳ ಒಳ್ಳೆಯದು.

ಜಾಗ ಕೊಳ್ಳುವ ಮೊದಲು ಪರೀಕ್ಷಿಸುವವರು ಪೂರ್ಣ ವರದಿಗೆ ಹಣ ಹಾಕಬೇಕಿಲ್ಲ. ಮಾಲೀಕರಿಂದ ಬರಹದಲ್ಲಿ ಅನುಮತಿ ಪಡೆದು ಎರಡು ಬೋರ್‌ಹೋಲ್, ಒಂದೆರಡು ಗುಂಡಿ, ಬೇಕಿದ್ದರೆ ಮೂರ್ನಾಲ್ಕು ಕಡೆ ಕೋನ್ ಪರೀಕ್ಷೆ ಮಾಡಿಸಿ. ಭರ್ತಿ ಎಷ್ಟು ಆಳ, ಬಂಡೆ ಎಷ್ಟು ಮೇಲೆ ಎಂಬ ಎರಡೇ ಸಂಗತಿ ಜಾಗದ ಬೆಲೆಯನ್ನು ಚೌಕಾಸಿ ಮಾಡಲು ಸಾಕು. ಬಂಡೆ ಮೇಲೇ ಇದ್ದರೆ ಪಾಯ ಅಗ್ಗ, ಬೇಸ್‌ಮೆಂಟ್ ದುಬಾರಿ. ವಸತಿ ಪ್ರದೇಶದಲ್ಲಿ ಸಿಡಿಮದ್ದು ಸಿಡಿಸಲು ಅನುಮತಿ ಸಿಗುವುದು ಕಷ್ಟವಾದ್ದರಿಂದ ಕಲ್ಲನ್ನು ಯಂತ್ರದಿಂದ ಒಡೆಸಬೇಕಾಗುತ್ತದೆ. ಜಂಟಿ ಅಭಿವೃದ್ಧಿ ಒಪ್ಪಂದಕ್ಕೆ ಕೂತವರು ಈ ಖರ್ಚು ಯಾರದೆಂದು ಕರಾರಿನಲ್ಲೇ ಬರೆಸಿಕೊಳ್ಳುವುದು ಲೇಸು.

ಇಳಿಜಾರಿನ ಜಾಗಕ್ಕೆ ಮೇಲಿನ ಯಾವ ಪರೀಕ್ಷೆಯ ಎಸ್‌ಬಿಸಿ ಅಂಕಿಯೂ ತಾನಾಗಿ ಉತ್ತರವಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ, ಕುಸಿದದ್ದು ಗುಡ್ಡ. ಪಾಯದ ಅಡಿಯ ಮಣ್ಣು ಎಷ್ಟೇ ಗಟ್ಟಿಯಿದ್ದರೂ ಗುಡ್ಡವೇ ಜಾರಿದರೆ ಮನೆಯೂ ಅದರೊಂದಿಗೆ ಹೋಗುತ್ತದೆ. ಮಲೆನಾಡಿನಲ್ಲೋ ಕೊಡಗಿನಲ್ಲೋ ಗುಡ್ಡ ಕಡಿದು ಮನೆ, ಹೋಂಸ್ಟೇ ಕಟ್ಟುವವರು ಇಳಿಜಾರಿನ ಸ್ಥಿರತೆಯ ವಿಶ್ಲೇಷಣೆ, ಮಳೆನೀರು ಹರಿಸುವ ವ್ಯವಸ್ಥೆ, ತಡೆಗೋಡೆಯ ವಿನ್ಯಾಸ ಇವನ್ನು ಕೇಳಿಯೇ ಪಡೆಯಬೇಕು. ಅದಕ್ಕೆ ಮೇಲೆ ಒಂದು, ಕೆಳಗೆ ಒಂದು ಬೋರ್‌ಹೋಲ್ ಆದರೂ ಬೇಕು.

ವರದಿಯನ್ನು ಆರಿಸುವುದು

ಮಾರುಕಟ್ಟೆಯಲ್ಲಿ ಮೂರು ಬಗೆಯ ವರದಿ ಸಿಗುತ್ತದೆ. ಒಂದು ಪುಟದ ಎಸ್‌ಬಿಸಿ ಪ್ರಮಾಣಪತ್ರ ಕಡತಕ್ಕೆ ಸೇರಿಸಲು ಆದೀತು, ವಿನ್ಯಾಸಕ್ಕೆ ಆಗದು. ಬೋರ್‌ಹೋಲ್ ದಾಖಲೆ ಮತ್ತು ಪ್ರಯೋಗಾಲಯದ ಫಲಿತಾಂಶಗಳಷ್ಟೇ ಇರುವ ವರದಿ, ನಿಮ್ಮ ಕಡೆ ನುರಿತ ಎಂಜಿನಿಯರಿದ್ದರೆ ಸಾಕು. ಮನೆ ಕಟ್ಟುವ ಸಾಮಾನ್ಯರಿಗೆ ಬೇಕಾದದ್ದು ಮೂರನೆಯದು: ಯಾವ ಬಗೆಯ ಪಾಯ, ಎಷ್ಟು ಆಳ, ಯಾವ ಅಗಲಕ್ಕೆ ಎಷ್ಟು ಎಸ್‌ಬಿಸಿ, ಎಷ್ಟು ಮಿಲಿಮೀಟರ್ ಕುಸಿತಕ್ಕೆ ಆ ಲೆಕ್ಕ, ಅಗೆಯುವಾಗ ಯಾವ ಎಚ್ಚರ ಎಂದು ಲೆಕ್ಕಸಹಿತ ಹೇಳುವ ವರದಿ. ಕರಾವಳಿಯಲ್ಲಿ ಮಣ್ಣು ಮತ್ತು ನೀರಿನ ಕ್ಲೋರೈಡ್, ಸಲ್ಫೇಟ್ ಅಂಶವೂ ಅದರಲ್ಲಿರಬೇಕು.

ವರದಿ ಕೈಗೆ ಬಂದಾಗ ಕೊನೆಯ ಪುಟದ ಅಂಕಿಗೆ ಹಾರಬೇಡಿ. ಬೋರ್‌ಹೋಲ್ ಎಲ್ಲಿ ಕೊರೆದರೆಂಬ ನಕ್ಷೆ ಇದೆಯೇ, ಆಯಾ ದಿನದ ಫೋಟೋಗಳಿವೆಯೇ, ಎನ್ ಮೌಲ್ಯಗಳು ಎರಡೂ ರಂಧ್ರಗಳಲ್ಲಿ ಅಚ್ಚು ಹೊಡೆದಂತೆ ಒಂದೇ ಇವೆಯೇ, ನೀರಿನ ಮಟ್ಟವನ್ನು ಕೊರೆದು 24 ಗಂಟೆಯ ನಂತರ ನೋಡಿದ್ದಾರೆಯೇ, ಪ್ರಯೋಗಾಲಯಕ್ಕೆ ಈ ಪರೀಕ್ಷೆಗಳಿಗೇ ರಾಷ್ಟ್ರೀಯ ಮಾನ್ಯತಾ ಮಂಡಳಿಯಾದ ಎನ್‌ಎಬಿಎಲ್ ಮಾನ್ಯತೆ ಇದೆಯೇ ಎಂದು ನೋಡಿ. ನಿಜವಾದ ನೆಲದಲ್ಲಿ ಅಂಕಿಗಳು ಅಷ್ಟು ನಯವಾಗಿ ಸಾಲುಗಟ್ಟಿ ಏರುವುದಿಲ್ಲ. ದರ ಒಪ್ಪುವ ಮೊದಲೇ ಕಾರ್ಯಾದೇಶದಲ್ಲಿ ಬೋರ್‌ಹೋಲ್ ಸಂಖ್ಯೆ, ಕನಿಷ್ಠ ಆಳ, ಬಂಡೆಯೊಳಗಿನ ಕೊರೆತ, ಮಾಡಬೇಕಾದ ಪರೀಕ್ಷೆಗಳ ಹೆಸರು, ಮಾದರಿ ಮತ್ತು ಕೋರ್ ಪೆಟ್ಟಿಗೆಗಳನ್ನು ಎಷ್ಟು ದಿನ ಇಟ್ಟಿರಬೇಕು ಎಂಬುದನ್ನು ನಿಮ್ಮ ಸ್ಟ್ರಕ್ಚರಲ್ ಎಂಜಿನಿಯರಿಂದಲೇ ಬರೆಸಿ. ಮೂರು ದರಪಟ್ಟಿಗಳು ಆಗ ಮಾತ್ರ ಹೋಲಿಸಲು ಬರುತ್ತವೆ.

ಇನ್ನೊಂದು ಸಾಲನ್ನೂ ಅದೇ ಆದೇಶಕ್ಕೆ ಸೇರಿಸಿ: ಪಾಯದ ಗುಂಡಿಗಳನ್ನು ಅಗೆದ ಮೇಲೆ, ಬೆಡ್ ಕಾಂಕ್ರೀಟ್ ಹಾಕುವ ಮೊದಲು, ವರದಿ ಕೊಟ್ಟವರು ಸೈಟಿಗೆ ಬಂದು ತಳವನ್ನು ನೋಡಿ ಸಹಿ ಮಾಡಬೇಕು. ಎರಡು ರಂಧ್ರಗಳ ನಡುವೆ ಅವಿತಿದ್ದ ಹಳೆಯ ಬಾವಿಯೋ ಕಸದ ಗುಂಡಿಯೋ ಬಯಲಾಗುವುದು ಆ ದಿನವೇ. ಈ ಭೇಟಿಯ ಶುಲ್ಕ ಚಿಕ್ಕದು. ಆದೇಶದಲ್ಲಿ ಮೊದಲೇ ಬರೆಸದಿದ್ದರೆ, ಬೆಡ್ ಹಾಕುವ ಹಿಂದಿನ ಸಂಜೆ ಫೋನ್ ಮಾಡಿ ಅವರನ್ನು ಕರೆಸಿಕೊಳ್ಳುವುದು ಸುಲಭವಲ್ಲ.